ದೋಣಿಯವನ ಆಳು

ಮಂಜಗುಣಿ ಕಡವಿನ ದೋಣಿಯವನು ಜನ ಕೂಡುವ ತನಕ ಮೊಬೈಲಿನಲ್ಲಿ ರಾಕ್ಷಸರನ್ನು ಕಡಿಯುತ್ತಿದ್ದ. ಸೊಪ್ಪಿನ ಬುಟ್ಟಿ ಇಳಿಸಿ ನಾನೂ ನೋಡುತ್ತಿದ್ದೆ. ಒಬ್ಬನೇ ಆಡಿದರೂ ಆ ಆಟಕ್ಕೆ ನೆಟ್ ಬೇಕು. ಅದು ದಡದಲ್ಲಿ ಮಾತ್ರ ಸಿಗುತ್ತಿತ್ತು. ಆಟದೊಳಗೆ ಒಳ್ಳೆಯ ಕತ್ತಿ ದುಡ್ಡಿಗೂ ಸಿಗುತ್ತಿತ್ತು. ತಗೋ ಎಂದರೆ ಅವನದು ಒಂದೇ ಮಾತು: “ದುಡ್ಡು ಕೊಟ್ಟು ಗೆದ್ರೆ ಗೆದ್ದದ್ದು ಯಾರು ಅಜ್ಜಿ, ನಾನೋ ದುಡ್ಡೋ?”

ಆಟದಲ್ಲಿ ಅವನ ಆಳು ಸತ್ತರೆ ಮೊದಲಿನಿಂದ ಶುರು. ವರ್ಷವಿಡೀ ಬೆಳೆಸಿದ ಆಳು ಅಂದು ಕೊನೆಯ ರಾಕ್ಷಸನ ಎದುರು ನಿಂತಿದ್ದ. ಅಷ್ಟರಲ್ಲಿ ಆಚೆ ದಡದಿಂದ ಹೆಂಗಸೊಬ್ಬಳು, ಮಗುವಿಗೆ ಜ್ವರ ಏರಿದೆ ಎಂದು ಕೂಗಿದಳು.

“ಅದ್ನ ನಿಲ್ಸಿಟ್ಟು ಹೋಗೋ ತಮಾ,” ಎಂದೆ.

“ನೆಟ್ಟಿನ ಆಟ ಅಜ್ಜಿ, ನಡುವೆ ನಿಲ್ಸೂಕೆ ಆಗೂದಿಲ್ಲ.” ಮೊಬೈಲನ್ನು ನನ್ನ ಸೊಪ್ಪಿನ ಮೇಲಿಟ್ಟು ದೋಣಿ ನೂಕುವ ಜಲ್ಲೆ ಹಿಡಿದ.

ನಾನೂ ಒಂದೆರಡು ಸಲ ಒತ್ತಿ ನೋಡಿದೆ. ಆಳು ಉಳಿಯಲಿಲ್ಲ.

ತಾಯಿಯನ್ನೂ ಮಗುವನ್ನೂ ಈಚೆ ಇಳಿಸಿ ಅವನು ಮೊಬೈಲ್ ನೋಡಿದ. ಹಣ ಕಟ್ಟಿದರೆ ಸತ್ತವನನ್ನು ಎಬ್ಬಿಸುತ್ತೇವೆ ಎಂದು ಬರೆದಿತ್ತಂತೆ.

“ಕಟ್ಟೋ, ಯಾರು ನೋಡ್ತಾರೆ?”

“ನೀನೇ ನೋಡ್ತಾ ಕೂತಿದ್ಯಲ್ಲ ಅಜ್ಜಿ,” ಎಂದು ನಕ್ಕು ಏನೋ ಒತ್ತಿದ.

ಮೊಬೈಲಿನಲ್ಲಿ ಬರಿಗಾಲಿನ ಹೊಸ ಆಳೊಬ್ಬ ಬಂದು ನಿಂತ. ಅವನ ಕೈಯಲ್ಲಿ ಒಂದು ಕೋಲು ಮಾತ್ರ ಇತ್ತು.