ಓಗೊಡದ ಜೋಳದ ಹೊಲ

ರೋಣದ ಸಾಲಿಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಎದ್ದುನಿಂತು, "ಟೀಚರ್, ಮ್ಯಾಲೆ ಬ್ಯಾರೆ ಕಡೆ ನಮ್ಮಂಥವರು ಅದಾರೇನ್ರಿ?" ಎಂದು ಕೇಳುತ್ತಾರೆ. ನಾನು ಭಾರೀ ಹುರುಪಿನಿಂದ ಹೇಳುತ್ತಿದ್ದೆ: ಇಷ್ಟೊಂದು ನಕ್ಷತ್ರ, ಅವುಗಳ ಸುತ್ತ ಇಷ್ಟೊಂದು ಗ್ರಹ, ಬುದ್ಧಿ ಎಂಬುದು ಇದೊಂದೇ ಮಣ್ಣಿನಲ್ಲಿ ಮೊಳೆತಿದೆ ಅಂದರೆ ಅದೇ ವಿಚಿತ್ರ, ಇರುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಇದುವರೆಗೆ ಯಾರೂ ಯಾಕೆ ಮಾತಾಡಿಲ್ಲ ಎಂದು ಕೇಳಿದರೆ, ದೂರ ಬಹಳ ಎಂದು ಹೇಳಿ ಮುಗಿಸುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಯಾರಿಗೂ ಹೆದರಿಕೆ ಆಗುತ್ತಿರಲಿಲ್ಲ.

ಹೆದರಿಕೆ ನಮ್ಮ ಮನೆಗೆ ಬಂದದ್ದು ಮೊಬೈಲಿನಿಂದ. ಮೂರನೇ ಇಯತ್ತೆಯಲ್ಲಿದ್ದ ನನ್ನ ಮಗಳು ಯಾವುದೋ ವಿಡಿಯೋ ನೋಡಿದ್ದಳು. ಆಕಾಶದಲ್ಲಿ ಇರುವವರೆಲ್ಲ ಬೇಕಂತಲೇ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ, ಯಾಕಂದರೆ ದನಿ ಮಾಡಿದವರನ್ನು ಹುಡುಕಿಕೊಂಡು ಬರುವವರೂ ಅಲ್ಲೇ ಇದ್ದಾರೆ ಎಂದು ಅದರಲ್ಲಿ ಒಬ್ಬ ಹೇಳಿದನಂತೆ. "ಖರೇ ಏನವಾ?" ಎಂದು ಕೇಳಿದಳು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಇರಬಹುದು, ಇಲ್ಲದ ಇರಬಹುದು, ಯಾರಿಗೂ ಗೊತ್ತಿಲ್ಲ" ಅಂದೆ.

ಅವತ್ತಿನಿಂದ ಸಂಜೆಯಾದರೆ ಆಕೆ ಮಾಳಿಗೆ ಹತ್ತುವುದು ಬಿಟ್ಟಳು. ಟಿವಿ ದನಿ ಇಳಿಸುತ್ತಿದ್ದಳು. ನಾವು ಗಂಡಹೆಂಡತಿ ಜೋರಾಗಿ ಮಾತಾಡಿದರೆ ತುಟಿ ಮೇಲೆ ಬೆರಳಿಡುತ್ತಿದ್ದಳು. "ಪುಣ್ಯಾ ಬಂತು, ನಿಮ್ಮವ್ವನ ಬಾಯಿಗೂ ಬೀಗ ಬಿತ್ತು" ಎಂದು ನನ್ನ ಗಂಡ ನಕ್ಕ. ನಾನು ಸಿಟ್ಟು ಮಾಡಿದೆ, ಆದರೆ ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಾಗ ಮೊದಲ ಚುಕ್ಕೆ ಕಂಡರೆ ಸಾಕು, ಅರ್ಧ ಬಟ್ಟೆ ಅಲ್ಲೇ ಬಿಟ್ಟು ಇಳಿದು ಬರುತ್ತಿದ್ದೆ. ಕಲಿಸುವಾಗ ಇಲ್ಲದ ಭಯ ಬಟ್ಟೆ ತೆಗೆಯುವಾಗ ಯಾಕೆ ಬರುತ್ತದೋ ದೇವರೇ ಬಲ್ಲ.

ಎಳ್ಳ ಅಮಾವಾಸ್ಯೆಗೆ ಚಿಕ್ಕನರಗುಂದದ ನಮ್ಮ ಹೊಲಕ್ಕೆ ಭೂತಾಯಿಗೆ ಚರಗ ಚೆಲ್ಲಲು ಹೋದೆವು. ಬಿಳಿಜೋಳ ಆಳೆತ್ತರ ಮೀರಿ ನಿಂತಿತ್ತು, ತೆನೆಯಲ್ಲಿ ಹಾಲು ತುಂಬಿತ್ತು. ಬನ್ನಿಗಿಡದ ಬುಡದಲ್ಲಿ ಕಲ್ಲಿಟ್ಟು ಪೂಜೆ ಮಾಡಿ, ಬುಟ್ಟಿಯಲ್ಲಿ ಕಡುಬು, ಸಜ್ಜಿರೊಟ್ಟಿ, ಬುತ್ತಿ ತುಂಬಿಕೊಂಡು ಹೊಲದ ಸುತ್ತ ನಡೆಯುತ್ತ ಚೆಲ್ಲಬೇಕು. ಸುಮ್ಮನೆ ಚೆಲ್ಲುವಂತಿಲ್ಲ, ಕೂಗುತ್ತ ಚೆಲ್ಲಬೇಕು. ಆ ಕೂಗಿಗೆ ನಮ್ಮ ಅತ್ತೆ ಓಣಿಗೇ ಹೆಸರುವಾಸಿ. ಅವರು ಮೊದಲ ತುತ್ತು ಎಸೆದು, ಎದೆ ತುಂಬ ಉಸಿರೆಳೆದು, "ಹುಲ್ಲುಲ್ಲಿಗೋ..." ಎಂದರು.

ಮಗಳು ಓಡಿಹೋಗಿ ಅವರ ಬಾಯಿಗೆ ಕೈ ಒತ್ತಿದಳು. "ಬ್ಯಾಡಮ್ಮಾ, ಒದರಬ್ಯಾಡ! ಅವರಿಗೆ ಕೇಳಸ್ತೈತಿ!"

"ಕೇಳ್ಲಿ ಅಂತನ ಒದರೂದು," ಅತ್ತೆ ಆಕೆಯ ಕೈ ಸರಿಸಿದರು. "ಕಾಣೂ ದೇವರಿಗೂ ಕೇಳಬೇಕು, ಕಾಣದ ದೇವರಿಗೂ ಕೇಳಬೇಕು. ಕರೀದಿದ್ರ ಉಣ್ಣಾಕ ಯಾರ್ ಬರ್ತಾರ? ಸರಿ ಅತ್ತಾಗ." ಮತ್ತೆ ಕೂಗಿದರು, ಮೊದಲಿಗಿಂತ ಜೋರಾಗಿ. ಆ ಹೊತ್ತಿಗೆ ಸುತ್ತಲಿನ ಹೊಲಗಳಿಂದಲೂ ಅದೇ ಕೂಗು ಎದ್ದಿತು. ದೂರದ ನರಗುಂದ ಗುಡ್ಡದವರೆಗೂ ಇಡೀ ಎರೆಭೂಮಿ ಒಂದೇ ಸಮನೆ ಯಾರನ್ನೋ ಕರೆಯುತ್ತಿದ್ದಂತಿತ್ತು. ಮಗಳ ಮುಖ ಬಿಳಿಚಿಕೊಂಡಿತು. ನಾನು ಕೈ ಹಿಡಿಯುವಷ್ಟರಲ್ಲಿ ಜೋಳದೊಳಗೆ ನುಗ್ಗಿಬಿಟ್ಟಳು.

ಮೊದಲು ನಾವು ನಕ್ಕೆವು. ಬರುತ್ತಾಳೆ ಬಿಡು ಎಂದ ಗಂಡ. ಬರಲಿಲ್ಲ. ಕರೆದೆವು. ಓ ಅನ್ನಲಿಲ್ಲ. ಆಗ ನನಗೆ ಬಾಜೂ ಹೊಲದ ಕೃಷಿಹೊಂಡ ನೆನಪಾಯಿತು. ಆ ವರ್ಷವೇ ತೋಡಿಸಿ, ನೀರು ಇಂಗದಂತೆ ಒಳಗೆಲ್ಲ ಪ್ಲಾಸ್ಟಿಕ್ ಹಾಸಿದ್ದರು. ಅದರ ಇಳಿಜಾರಿನಲ್ಲಿ ಜಾರಿದವರಿಗೆ ಮೇಲೆ ಬರಲು ಕಾಲು ನಿಲ್ಲುವುದಿಲ್ಲ. ಸುತ್ತ ಬೇಲಿ ಹಾಕಿರಲಿಲ್ಲ. ಜೋಳದೊಳಗೆ ಓಡುವವರಿಗೆ ಮುಂದೇನಿದೆ ಎಂದು ಕಾಣುವುದೂ ಇಲ್ಲ.

ಗಂಡ ಹೊಂಡದ ಕಡೆ ಓಡಿದ. ನಾನು ಸಾಲುಗಳ ನಡುವೆ ಹೆಸರು ಹಿಡಿದು ಕೂಗುತ್ತ ನುಗ್ಗಿದೆ. ಗರಿ ಮುಖಕ್ಕೆ ಕೊಯ್ಯುತ್ತಿತ್ತು. ಕೂಗಿ ನಿಲ್ಲುವುದು, ಕಿವಿಗೊಡುವುದು, ಮತ್ತೆ ಕೂಗುವುದು. ಗಾಳಿಗೆ ಗರಿ ಸರಗುಟ್ಟುವುದು ಬಿಟ್ಟು ಬೇರೇನೂ ಇಲ್ಲ. ಇಷ್ಟು ಕೂಗಿದರೂ ದನಿ ಬರುತ್ತಿಲ್ಲ ಅಂದರೆ ಇಲ್ಲಿ ಅವಳಿಲ್ಲ. ಇಲ್ಲಿ ಇಲ್ಲ ಅಂದರೆ ನೀರಿನಲ್ಲೇ. ಅದಕ್ಕಿಂತ ಮುಂದಕ್ಕೆ ನನ್ನ ತಲೆ ಓಡಲಿಲ್ಲ. ಹೊಂಡದ ದಂಡೆಯಿಂದ ಗಂಡ "ಏನೂ ಕಾಣವಲ್ದು, ಹಗ್ಗಾ ತರ್ರಿ" ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಬದುವಿನ ಮೇಲೆ ಕುಸಿದು ಕೂತು, ನಾಚಿಕೆ ಬಿಟ್ಟು ಗೋಳೋ ಎಂದು ಅತ್ತುಬಿಟ್ಟೆ.

ಬೆನ್ನ ಹಿಂದೆ ಗರಿ ಅಲ್ಲಾಡಿತು. ನಾನು ಎರಡು ಸಲ ದಾಟಿ ಹೋಗಿದ್ದ ಸಾಲಿನಿಂದಲೇ ಮಗಳು ಹೊರಗೆ ಬಂದಳು. ಕೆನ್ನೆ ತುಂಬ ಗೀರು.

ಸಿಕ್ಕಳು ಎಂದು ಗಂಡನಿಗೆ ಕೇಳುವಂತೆ ಚೀರಿ, ಆಕೆಯನ್ನು ಬಾಚಿ ಅಪ್ಪಿಕೊಂಡೆ. ಹೊಡೆಯಬೇಕೆಂದು ಎತ್ತಿದ ಕೈಯಿಂದ ಆಕೆಯ ಕೂದಲಿಗೆ ಸಿಕ್ಕಿದ್ದ ಗರಿಚೂರು ಕೊಡವಿದೆ.

"ನಾ ಕರಿಯೂದು ಕೇಳಲಿಲ್ಲೇನ?"

"ಕೇಳ್ತು. ಎಲ್ಲಾ ಕೇಳ್ತು."

"ಮತ್ತ ಓ ಯಾಕನಲಿಲ್ಲ?"

"ನೀನಽ ಅಂತ ಹ್ಯಾಂಗ ಗೊತ್ತಾಗಬೇಕವಾ? ಕರಿಯಾಕ ಅವರಿಗೂ ಬರಬಹುದಲ್ಲ." ನನ್ನ ಒದ್ದೆ ಕೆನ್ನೆ ಮುಟ್ಟಿ ಅಂದಳು, "ಅವರಿಗೆ ಅಳಾಕ ಬರೂದಿಲ್ಲ ಅನ್ಕೊಂಡು ಬಂದೆ."

ಮಗಳು ಸಿಕ್ಕಿದ್ದಳು, ಆದರೂ ನನ್ನ ಮೈ ತಣ್ಣಗಾಯಿತು. ಕೈಗೆಟಕುವಷ್ಟು ಹತ್ತಿರ ಕೂತು, ನಮ್ಮ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತ, ಉಸಿರು ಬಿಗಿಹಿಡಿದಿದ್ದ ಜೀವವನ್ನು ಇಲ್ಲವೇ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮೇಲಿನ ಆಕಾಶವನ್ನು ನೋಡಲು ಧೈರ್ಯ ಬರಲಿಲ್ಲ. ಹಾಡಹಗಲು, ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ, ಆದರೂ ನೋಡಲಿಲ್ಲ.

ಅತ್ತೆ ಏದುಸಿರು ಬಿಡುತ್ತ ಬಂದು ಮೊಮ್ಮಗಳ ಮೈಯೆಲ್ಲ ಸವರಿದರು. ಆಕೆ ಹೇಳಿದ್ದನ್ನು ಅವರೂ ಕೇಳಿಸಿಕೊಂಡಿದ್ದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ. ಚರಗ ಅರ್ಧಕ್ಕೆ ನಿಲ್ಲಿಸುವಂತಿಲ್ಲ ಎಂದು ಬುಟ್ಟಿ ಎತ್ತಿಕೊಂಡು ಉಳಿದ ದಂಡೆಗುಂಟ ನಡೆದರು. ಚೆಲ್ಲಿದ ಬುತ್ತಿಯ ಮೇಲೆ ನೀರು ಚಿಮುಕಿಸಲು ನಾನು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹಿಂದೆ ಹೋದೆ. ಅವರು ತುತ್ತು ಎಸೆದರು, ಬಾಯಿ ತೆರೆದರು, ಜೋಳದ ಕಡೆ ಒಮ್ಮೆ ನೋಡಿ ಮುಚ್ಚಿಕೊಂಡರು.

"ಯಾಕ್ರೀ ಅತ್ತಿ, ಕೂಗ್ರಿ," ಅಂದೆ.

"ಯಾರರ ಇದ್ರ ಉಣ್ಲಿ ತಂಗಿ," ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಕರಿಯೂದು ಬ್ಯಾಡ."

ಉಳಿದ ಬುತ್ತಿಯನ್ನು ಲಗುಲಗು ಚೆಲ್ಲಿ, ಹೊಂಡದಿಂದ ಬಂದ ಗಂಡನೂ ಸೇರಿ ನಾವು ನಾಲ್ವರೂ ಸಪ್ಪಳ ಮಾಡದೆ ಹೊಲದಿಂದ ಹೊರಗೆ ಬಂದೆವು.