ಹುಳುಮನೆ ಪಕ್ಕದ ಮೆಷಿನ್ನು

ಅತ್ತಿಗೆ, ಆ ಸಲ ನಮ್ಮ ರೇಷ್ಮೆ ಹುಳುಗಳು ಸತ್ತದ್ದು ನಿಮ್ಮಿಂದಲ್ಲ, ನನ್ನಿಂದ. ಇಷ್ಟು ವರ್ಷ ಬಾಯಿ ಬಿಡದೆ, ನೀವು ಬಡಿಸಿದ್ದನ್ನು ಉಂಡುಕೊಂಡೇ ಇದ್ದೆ.

ನನಗೆ ಕ್ರಿಪ್ಟೊ ಹುಚ್ಚು ಹಿಡಿದದ್ದು ನಿಮಗೆ ನೆನಪಿದೆ. ಮನೆಯಲ್ಲೊಂದು ಮೆಷಿನ್ ಇಟ್ಟರೆ ಸಾಕು, ಅದರ ಪಾಡಿಗೆ ಅದು ಲೆಕ್ಕ ಬಿಡಿಸುತ್ತ ಬಿಟ್‌ಕಾಯಿನ್ ಚೂರು ಸಂಪಾದಿಸುತ್ತದೆ ಎಂದು ಫೋನಿನಲ್ಲಿ ನೋಡಿ ನೋಡಿ ನಂಬಿಬಿಟ್ಟಿದ್ದೆ. ಹೊಸ ಮೆಷಿನ್ನಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ನಾನೇ ಮಾಡೋಣವೆಂದರೆ ಅದೂ ಕೈಗೆಟುಕಲಿಲ್ಲ. ಕೊನೆಗೆ ನಿಮ್ಮ ತವರು ತಿ. ನರಸೀಪುರದಲ್ಲೇ ಕಂಪ್ಯೂಟರ್ ರಿಪೇರಿಯವನೊಬ್ಬ ತನ್ನ ಹಳೆಯದನ್ನು ಮಾರುತ್ತಿದ್ದ, ಅದನ್ನೇ ತಂದೆ. ಅಗ್ಗ — ಅಷ್ಟೇ ನೋಡಿದ್ದು. ಕರೆಂಟು ಎಷ್ಟು ತಿನ್ನುತ್ತದೆ, ಎಷ್ಟು ಕಾವು ಉಗುಳುತ್ತದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ.

"ಒಸಿ ಸದ್ದು ಬತ್ತದೆ ಸಾ, ಅಷ್ಟೆಯ" ಎಂದ ಅವನು. ಒಸಿ ಸದ್ದಂತೆ. ದೇವನೂರಿನ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಅಣ್ಣ ಅದನ್ನು ತಿಪ್ಪೆಗೆ ಎಸೆಯಲು ಎತ್ತಿಕೊಂಡಾಗ ಅಡ್ಡ ಬಂದವರು ನೀವೇ.

"ಏನೋ ಕಲೀತಾವ್ನೆ, ಬುಡಿ. ಉಳದ ಮನೆ ಪಕ್ಕದ ರೂಮಲ್ಲಿ ಮಡಿಕಳ್ಳಿ." ಆಮೇಲೆ ನನ್ನ ಕಡೆ ತಿರುಗಿ, "ನಡುವಿನ ಕಿಟ್ಕಿ ಮಾತ್ರ ತೆಗೀಬ್ಯಾಡ ಕಣಪ್ಪ" ಎಂದಿರಿ.

ತೆಗೆದೆ. ಮುಚ್ಚಿದ ಕೋಣೆಯಲ್ಲಿ ಮೆಷಿನ್ನು ಕಾದು ಕಾದು ತಾನಾಗಿ ನಿಂತುಹೋಗುತ್ತಿತ್ತು. ಹೇಗೂ ಚಳಿಗಾಲ, ಹುಳುಗಳಿಗೆ ಬೆಚ್ಚಗಾಗಲಿ ಎಂದು ನನಗೆ ನಾನೇ — ಇಲ್ಲ, ಅದೂ ಸುಳ್ಳು. ಹುಳುಗಳ ಯೋಚನೆಯೇ ನನಗಿರಲಿಲ್ಲ. ಅವು ಕೊನೆಯ ಪೊರೆ ಬಿಟ್ಟು ಎದ್ದಿದ್ದವು, ತಂಪು ಬೇಕಾದ ಹೊತ್ತು. ಕಿಟಕಿಯಿಂದ ನುಗ್ಗಿದ ಕಾವಿಗೆ, ಹಾಕಿದ ಸೊಪ್ಪು ಆಗಲೇ ಬಾಡುತ್ತಿತ್ತು. ಹುಳುಗಳು ಮೇವು ಬಿಟ್ಟವು, ಮೆತ್ತಗಾದವು, ತಟ್ಟೆ ತಟ್ಟೆಯೇ ಸತ್ತವು.

ಆ ವಾರ ನೀವು ಹೊರಗಾಗಿದ್ದಿರಿ. ಅವ್ವನಿಗೆ ಅಷ್ಟೇ ಸಾಕಾಯಿತು. "ಮುಟ್ಟಾದವ್ಳು ಒಳಿಕ್ಕೋಗವ್ಳೆ, ಅದ್ಕೇ ಇಂಗಾಯ್ತು" ಎಂದು ಬೀದಿಯವರ ಎದುರೇ ಅಂದುಬಿಟ್ಟಳು.

"ನಾ ಓಗ್ಲಿಲ್ಲ ಕಣತ್ತೆ" ಎಂದಿರಿ. ಒಂದೇ ಸಲ. ನೀವು ಹೋಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಹೋಗಿದ್ದರೂ ಅದರಿಂದ ಹುಳು ಸಾಯುವುದಿಲ್ಲವೆಂದೂ ಗೊತ್ತಿತ್ತು. ನಾನು ಎದ್ದು ಪಕ್ಕದ ಕೋಣೆಗೆ ಹೋಗಿ, ಸದ್ದಾಗದಂತೆ ಕಿಟಕಿ ಮುಚ್ಚಿ, ಬಂದು ನಿಮ್ಮೆದುರೇ ಸುಮ್ಮನೆ ನಿಂತೆ.

ಅಂದಿನಿಂದ ಅವ್ವ ನಿಮ್ಮನ್ನು ಹುಳುಮನೆಯ ಹೊಸಿಲು ದಾಟಗೊಡಲಿಲ್ಲ. ದುಡಿದದ್ದು ಕರೆಂಟು ಬಿಲ್ಲಿಗೂ ಸಾಲದೆ ಮೆಷಿನ್ನು ಗುಜರಿಗೆ ಹೋಯಿತು. ಕೆಲಸವಿಲ್ಲದೆ ಕೂತ ನನ್ನನ್ನು ಹುಳು ಸಾಕಲು ಹಚ್ಚಿದವರು ಮತ್ತೆ ನೀವೇ. ನೀವು ಹೊರಗೆ ಜಗಲಿಯ ಮೇಲೆ ಕೂರುತ್ತಿದ್ದಿರಿ, ನಾನು ತಟ್ಟೆ ತಂದು ತೋರಿಸುತ್ತಿದ್ದೆ. "ಸೊಪ್ಪು ಬಾಡದೆ ಕಣಪ್ಪ, ಗೋಣಿತಾಟು ನೆನೆಸಿ ಕಟ್ಟು" ಎನ್ನುತ್ತಿದ್ದಿರಿ. ಒಂದು ದಿನ "ಆ ಕಿಟ್ಕಿ ತೆಗಿ, ಗಾಳಿ ಆಡ್ಲಿ" ಎಂದಿರಿ. ಹೋಗಿ ಅದೇ ನಡುವಿನ ಕಿಟಕಿ ತೆಗೆದೆ. ಹೇಳಿಬಿಡಬೇಕಿತ್ತು — ಹೇಳಲಿಲ್ಲ.

ಇವತ್ತು ನನ್ನ ರೇಷ್ಮೆಗೂಡು ನೋಡಿ ಮಾರುಕಟ್ಟೆಯಲ್ಲಿ ಭೇಷ್ ಎನ್ನುತ್ತಾರೆ. ಅದೆಲ್ಲ ನಿಮ್ಮದು. ನನ್ನ ಅನ್ನ, ನನ್ನ ಕಸುಬು, ಮನುಷ್ಯನಾಗಿ ತಲೆ ಎತ್ತಿ ಓಡಾಡುತ್ತಿರುವುದು — ಎಲ್ಲ ನೀವು ಕೊಟ್ಟದ್ದು, ಅದೂ ನನ್ನ ತಪ್ಪಿಗೆ ಹೊರಗೆ ಕೂತು ಕೊಟ್ಟದ್ದು.

ನಾಳೆ ಹೊಸ ಮರಿಹುಳುಗಳು ಬರುತ್ತವೆ. ಇವತ್ತು ಸಂಜೆ ಅವ್ವನ ಎದುರು, ಅಣ್ಣನ ಎದುರು ಇದನ್ನೆಲ್ಲ ಹೇಳುತ್ತೇನೆ. ಬೀದಿಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮಗೆ ಮನಸ್ಸು ಬಂದರೆ ನಾಳೆ ಮೊದಲ ಸೊಪ್ಪು ಒಳಗೆ ಹೋಗಿ ನೀವೇ ಹಾಕಿ. ನಾನು ಜಗಲಿಯ ಮೇಲೆ ಕೂತಿರುತ್ತೇನೆ.