ಚೆಂಡುಹೂವಿನ ಹಿಂದಿನ ತಂಗುದಾಣ

ಗುಂಡ್ಲುಪೇಟೆ ರಸ್ತೆಯ ನಮ್ಮೂರಿನ ಚೆಂಡುಹೂವಿನ ಹೊಲದಲ್ಲಿ ನಿಂತು ಮಂತ್ರಿಯೊಬ್ಬರು ಫೋಟೊ ತೆಗೆಸಿಕೊಂಡು ಫೇಸ್‌ಬುಕ್ಕಿಗೆ ಹಾಕಿದರು. ಟೀ ಅಂಗಡಿಯಲ್ಲಿ ನನ್ನ ಗೆಳೆಯ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಇಲ್ಲೀಗಂಟ ಬಂದು ಚಾಮರಾಜನಗರಕ್ಕೆ ಓಗ್ದೆ ವಾಪಸ್ ಓಗವ್ರೆ. ಮುಖ್ಯಮಂತ್ರಿ ಆಯ್ತಾರೆ ಕಣ್ಲಾ!”

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಹಾಗಾಗಿ ಆ ಊರಿಗೆ ಹೋಗದೆ ಹಿಂದಿರುಗಿದ ಮಂತ್ರಿಗಳಿಗೆಲ್ಲ ಆ ಕುರ್ಚಿಯ ಮೇಲೆ ಕಣ್ಣಿದೆ ಎಂದು ನಮ್ಮವರು ಲೆಕ್ಕ ಹಾಕುತ್ತಾರೆ.

ನನಗೆ ರೇಗಿತು. “ಅವ್ರ ಭುಜದ ಹಿಂದೆ ನಮ್ಮ ಬಸ್ ತಂಗುದಾಣ ಅದೆ. ಅದರ ಶೀಟು ಗಾಳಿಗೆ ಹಾರೋಗದೆ. ಅದು ಕಾಣಲ್ವಾ ನಿಂಗೆ?” ಎಂದೆ. ಅಲ್ಲೇ ಕೂತು ಫೋಟೊದ ಕೆಳಗೆ ಬರೆದೆ: ‘ನಿಮ್ಮ ಹಿಂದಿರುವ ತಂಗುದಾಣಕ್ಕೆ ಚಾವಣಿ ಹಾಕಿಸಿ.’

ಸಂಜೆಯ ಹೊತ್ತಿಗೆ ಗೆಳೆಯ ಅದನ್ನೂ ಓದಿದ್ದ. “ಇದ ನಿನ್ ಕೈಲಿ ಯಾರ್ಲಾ ಬರ್ಸಿದ್ದು? ಯಾವ ಬಣ?” ಎಂದು ಕೇಳಿದ. ಆಗ ಮಳೆ ಬರುತ್ತಿತ್ತು. ಬಸ್ಸಿಗೆ ಕಾಯುತ್ತ ನಾವಿಬ್ಬರೂ ಆ ತಂಗುದಾಣದಲ್ಲೇ ನೆನೆಯುತ್ತಿದ್ದೆವು.

ಈಗ ಮಂತ್ರಿ ಹಬ್ಬದ ಶುಭಾಶಯ ಹಾಕಿದರೂ ಅದರ ಕೆಳಗೆ ಅದೇ ಸಾಲು ಬರೆಯುತ್ತೇನೆ. ಚಾವಣಿ ಬರುವವರೆಗೂ ಬರೆಯುತ್ತೇನೆ. ಬಂದ ಮೇಲೆ ಒಳಾರ್ಥ ಹುಡುಕುವವರು ಅದರ ಕೆಳಗೆ ನೆನೆಯದೆ ಕೂತು ಹುಡುಕಲಿ.